ಟೂ ಸ್ಟ್ರೋಕ್ ಬೈಕಿನ ಇಂಧನ ವ್ಯವಸ್ಥೆ: ದೋಷಗಳೂ ಪತ್ತೆಯೂ

ಟೂ ಸ್ಟ್ರೋಕ್ ಮೋಟಾರ್ ಸೈಕಲ್ಲಿನಲ್ಲಿ ಪೆಟ್ರೋಲು ಟ್ಯಾಂಕಿನಿಂದ ಹೊರಟು ಸಿಲಿಂಡರಿನಲ್ಲಿ ಉರಿಯುವವರೆಗಿನ ದಾರಿಯಲ್ಲಿ ಕಾಣಿಸಿಕೊಳ್ಳುವ ಕೆಡುಕುಗಳು ಮತ್ತು ಅವನ್ನು ಪತ್ತೆಹಚ್ಚುವ ಕ್ರಮ. ಈ ದಾರಿ ಹಳೆಯ ಗಾಡಿಗಳಲ್ಲಿ ಕಾರ್ಬೊರೇಟರಿನ ಮೂಲಕ ಹೋಗುತ್ತದೆ, ಹೊಸ ಡರ್ಟ್ ಬೈಕುಗಳಲ್ಲಿ ಇಂಜೆಕ್ಟರಿನ ಮೂಲಕ. ಎರಡಕ್ಕೂ ಸಮಾನವಾದ ಸಂಗತಿ ಒಂದಿದೆ. ಫೋರ್ ಸ್ಟ್ರೋಕ್ ಎಂಜಿನ್ನಿನ ತಳದಲ್ಲಿ ಆಯಿಲ್ ತುಂಬಿಕೊಂಡಿರುತ್ತದೆ; ಪೆಟ್ರೋಲು ಮುಗಿದರೆ ಗಾಡಿ ನಿಲ್ಲುತ್ತದೆ, ಅಷ್ಟೆ. ಟೂ ಸ್ಟ್ರೋಕ್‌ನ ಕ್ರ್ಯಾಂಕ್‌ಕೇಸಿನಲ್ಲಿ ಹಾಗೆ ನಿಂತ ಆಯಿಲ್ ಇಲ್ಲ. ಒಳಗೆ ಬರುವ ಗಾಳಿ ಅಥವಾ ಪೆಟ್ರೋಲಿನ ಜೊತೆಯಲ್ಲೇ ಎಣ್ಣೆ ಬಂದು ಬೇರಿಂಗು, ಪಿಸ್ಟನ್ನುಗಳನ್ನು ನೆನೆಸಬೇಕು. ಪೆಟ್ರೋಲಿನ ತಂಪೇ ಪಿಸ್ಟನ್ನಿನ ಕಾವನ್ನೂ ತಗ್ಗಿಸಬೇಕು. ಆದ್ದರಿಂದ ಇಲ್ಲಿ ಪೆಟ್ರೋಲು ತಡವರಿಸಿದರೆ ಗಾಡಿ ಓಡುತ್ತಲೇ ಇರುವಾಗ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಗ್ಯಾರೇಜಿನವರು ಇದಕ್ಕೆ 'ಸೀಜ್ ಆಯ್ತು' ಎನ್ನುತ್ತಾರೆ. ಸೀಜ್ ಆದ ಎಂಜಿನ್ನಿಗೆ ಬೋರ್ ಮಾಡಿಸುವ ಖರ್ಚು ಕಂಡವರು ಆಮೇಲೆ ಸಣ್ಣ ತಡವರಿಕೆಯನ್ನೂ ಕಡೆಗಣಿಸುವುದಿಲ್ಲ.

ಸೀಮೆ ಮತ್ತು ಗಾಡಿಗಳು

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಗೆ ಟೂ ಸ್ಟ್ರೋಕ್ ಹೊಸದಲ್ಲ. ಶ್ರೀರಂಗಪಟ್ಟಣದಿಂದ 15 ಕಿ.ಮೀ. ಆಸುಪಾಸಿನ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಜೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ತಯಾರಾದ ಜಾವಾ, 1973ರ ಬಳಿಕ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂತು. ಕಾರ್ಖಾನೆ ಮುಚ್ಚಿ ಕಾಲು ಶತಮಾನ ದಾಟಿದರೂ ಜುಲೈ ತಿಂಗಳ ಎರಡನೆಯ ಭಾನುವಾರ ಮೈಸೂರಿನ ರಸ್ತೆಗಳಲ್ಲಿ ಈ ಗಾಡಿಗಳು ಸಾಲುಗಟ್ಟುತ್ತವೆ. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಹುಡುಗರ ಗಾಡಿಯಾಯಿತು. ಆದರೆ ಕಬ್ಬಿನ ಗದ್ದೆಯ ನಡುವೆ ನಿಜವಾಗಿ ದುಡಿದದ್ದು 1980ರ ಟಿವಿಎಸ್ 50, ಅದರ ಮುಂದಿನ ಪೀಳಿಗೆಯ ಎಕ್ಸ್‌ಎಲ್. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗೊಬ್ಬರದ ಮೂಟೆ, ರಿಪೇರಿಗೆ ಹೊರಟ ಪಂಪ್‌ಸೆಟ್ ಮೋಟಾರು, ಇವೆಲ್ಲ ನಾಲೆ ಏರಿಯ ಮೇಲೆ ಸಾಗಿದ್ದು ಎಕ್ಸ್‌ಎಲ್‌ನ ಮುಂದಿನ ಹಲಗೆಯ ಮೇಲೆ. ಮಣ್ಣಿನ ಹಾದಿಯಲ್ಲಿ ಓಡುವುದೇ ಡರ್ಟ್ ಬೈಕು ಎನ್ನುವುದಾದರೆ ಈ ಜಿಲ್ಲೆಯ ಮೊದಲ ಡರ್ಟ್ ಬೈಕ್ ಎಕ್ಸ್‌ಎಲ್ ಎಂದೇ ಹೇಳಬೇಕಾಗುತ್ತದೆ.

ಹೊಗೆಯ ನಿಯಮಗಳು 2000ದಿಂದೀಚೆಗೆ ಹಂತಹಂತವಾಗಿ ಬಿಗಿಯಾದವು. 2017ರಲ್ಲಿ ಬಿಎಸ್ 4, 2020ರ ಏಪ್ರಿಲ್ 1ರಿಂದ ಬಿಎಸ್ 6 ಜಾರಿಯಾಗುವ ಹೊತ್ತಿಗೆ ಟೂ ಸ್ಟ್ರೋಕ್ ಬೈಕುಗಳು ಷೋರೂಮಿನಿಂದ ಮರೆಯಾಗಿದ್ದವು. ಎಕ್ಸ್‌ಎಲ್ ಕೂಡ ಫೋರ್ ಸ್ಟ್ರೋಕ್ ಆಯಿತು, ಬಳಿಕ ಅದಕ್ಕೂ ಇಂಜೆಕ್ಷನ್ ಬಂತು. ಟೂ ಸ್ಟ್ರೋಕ್‌ನ ಮೂಲ ಕುಂದು ಇದು: ಹೊಸ ಮಿಶ್ರಣ ಒಳಬರುವಾಗ ಸೈಲೆನ್ಸರಿನ ಬಾಗಿಲೂ ತೆರೆದೇ ಇರುತ್ತದೆ. ಕೆಲವು ವೇಗಗಳಲ್ಲಿ ಪೆಟ್ರೋಲಿನ ಕಾಲುಭಾಗದವರೆಗೂ ಉರಿಯದೆ ಹಾಗೆಯೇ ಹೊರಬೀಳುತ್ತದೆ. ಬಾಗಿಲು ಮುಚ್ಚುವ ಹೊತ್ತು ನೋಡಿ ಪೆಟ್ರೋಲನ್ನು ಚಿಮ್ಮಿಸಿದರೆ ಈ ಪೋಲು ತಪ್ಪುತ್ತದೆ. ಇಂಜೆಕ್ಷನ್ನಿನ ಆಸೆ ಹುಟ್ಟಿದ್ದು ಇಲ್ಲಿಂದ. ಜರ್ಮನಿಯ ಗುಟ್‌ಬ್ರೋಡ್ ಕಂಪನಿ 1950ರ ದಶಕದ ಆರಂಭದಲ್ಲೇ ತನ್ನ ಪುಟ್ಟ ಟೂ ಸ್ಟ್ರೋಕ್ ಕಾರಿಗೆ ಇದನ್ನು ಅಳವಡಿಸಿತ್ತು. ಇಟಲಿಯ ಬಿಮೋಟಾ 1997ರಲ್ಲಿ ಬೈಕಿಗೆ ಅಳವಡಿಸಿ ಕೈ ಸುಟ್ಟುಕೊಂಡಿತು. ಭಾರತದಲ್ಲಿ ಬಜಾಜ್ ಕಂಪನಿ ಆಸ್ಟ್ರೇಲಿಯಾದ ಆರ್ಬಿಟಲ್ ತಂತ್ರದೊಡನೆ ಟೂ ಸ್ಟ್ರೋಕ್ ಆಟೊರಿಕ್ಷಾದಲ್ಲಿ ಪ್ರಯತ್ನಿಸಿತು. ಮಣ್ಣಿನ ಬೈಕಿನಲ್ಲಿ ಇದು ನೆಲೆಗೊಂಡದ್ದು ಆಸ್ಟ್ರಿಯಾದ ಕೆಟಿಎಂ 2017ರಲ್ಲಿ 250 ಮತ್ತು 300 ಇಎಕ್ಸ್‌ಸಿ ಟಿಪಿಐ (ಟ್ರಾನ್ಸ್‌ಫರ್ ಪೋರ್ಟ್ ಇಂಜೆಕ್ಷನ್) ಬೈಕುಗಳನ್ನು ಪ್ರಕಟಿಸಿದ ಮೇಲೆ.

ಅಂಥ ಗಾಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಅಪರೂಪ. ಕಂಡರೂ ಪಿಕಪ್ ವಾಹನದ ಮೇಲೆ ಹಗ್ಗ ಬಿಗಿಸಿಕೊಂಡು ಬಂದದ್ದಾಗಿರುತ್ತದೆ, ಏಕೆಂದರೆ ಸ್ಪರ್ಧೆಯ ಬೈಕಿಗೆ ರಸ್ತೆಯ ನೋಂದಣಿ ಇಲ್ಲ. 2024ರ ನವೆಂಬರಿನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಕೆಟಿಎಂ ಸ್ಪರ್ಧಾ ಬೈಕುಗಳಲ್ಲಿ ಟೂ ಸ್ಟ್ರೋಕ್ ಇದ್ದದ್ದು ಮಕ್ಕಳು ಓಡಿಸುವ 50, 65, 85 ಸಿ.ಸಿ. ಗಾಡಿಗಳು ಮಾತ್ರ, ಅವೂ ಕಾರ್ಬೊರೇಟರಿನವು. 2015ರಲ್ಲಿ ಡಾಕರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಏರಿದ್ದೂ ಫೋರ್ ಸ್ಟ್ರೋಕ್. ಆದರೂ ಇಂಜೆಕ್ಷನ್ ಟೂ ಸ್ಟ್ರೋಕ್‌ನ ಕಾಯಿಲೆಗಳಲ್ಲಿ ಹೆಚ್ಚಿನವು ಜಾವಾ, ಆರ್‌ಎಕ್ಸ್, ಎಕ್ಸ್‌ಎಲ್ ಬಿಚ್ಚಿದ ಕೈಗೆ ಅಪರಿಚಿತವಲ್ಲ.

ಪೆಟ್ರೋಲು ಎಂಬ ಮೊದಲ ಆರೋಪಿ

ಇಂಧನ ದೋಷದ ಹುಡುಕಾಟ ಎಂಜಿನ್ನಿನಿಂದ ಶುರುವಾಗುವುದೇ ಹೆಚ್ಚು. ಅದು ಶುರುವಾಗಬೇಕಾದ್ದು ಟ್ಯಾಂಕಿನಿಂದ. ಪೆಟ್ರೋಲು ಎಷ್ಟು ದಿನದ್ದು, ಬಂಕಿನಿಂದ ನೇರವಾಗಿ ಬಂದದ್ದೋ ಅಥವಾ ಊರಿನ ಅಂಗಡಿಯ ಮುಂದೆ ನೀರಿನ ಬಾಟಲಿಯಲ್ಲಿ ಬಿಸಿಲು ಕಾಯುತ್ತಿದ್ದದ್ದೋ, ಎಣ್ಣೆ ಬೆರೆಸಿದವರು ಯಾರು, ಎಷ್ಟು ಬೆರೆಸಿದರು, ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಈ ಸೀಮೆಯಲ್ಲಿ ಪೆಟ್ರೋಲಿನ ಮಾತು ಕಬ್ಬಿನ ಮಾತೂ ಹೌದು. ಮಂಡ್ಯದ ಮೈಷುಗರ್ 1933ರದ್ದು, ಪಾಂಡವಪುರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ತಲೆಯೆತ್ತಿತು, ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲೂ ಸಕ್ಕರೆ ಕಾರ್ಖಾನೆ ಇದೆ. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆದ ಬೆಳೆಯಿಂದ ಸಕ್ಕರೆ, ಕಾಕಂಬಿ, ಕಾಕಂಬಿಯಿಂದ ಎಥನಾಲ್. ಪೆಟ್ರೋಲಿಗೆ ಇದನ್ನು ಬೆರೆಸುವ ಯೋಚನೆ ಹಳೆಯದು, ದೇಶದ ಪವರ್ ಆಲ್ಕೊಹಾಲ್ ಕಾಯಿದೆ 1948ರದ್ದು. ಶೇ. 10ರ ಬೆರಕೆಯನ್ನು 2022ರ ಹೊತ್ತಿಗೆ ಸಾಧಿಸಲಾಯಿತು. ಶೇ. 20ರ ಇ20 ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಧನ ಸಮಾವೇಶದಲ್ಲಿ ಬಿಡುಗಡೆ ಮಾಡಲಾಯಿತು. ಮುಂದಿನ ಎರಡು ವರ್ಷಗಳಲ್ಲಿ ಅದೇ ಎಲ್ಲೆಡೆಯ ಪೆಟ್ರೋಲಾಯಿತು. ಕಬ್ಬಿನ ಬಾಕಿ ಹಣಕ್ಕಾಗಿ ಕಾಯುವ ರೈತನೇ ಬಂಕಿನಲ್ಲಿ ಗಾಡಿಗೆ ಪೆಟ್ರೋಲು ಹಾಕಿಸುವಾಗ ಆ ಕಬ್ಬನ್ನು ಒಂದಿಷ್ಟು ಕೊಂಡುಕೊಳ್ಳುತ್ತಿರುತ್ತಾನೆ.

ಎಥನಾಲಿಗೆ ಗುಣವೂ ಇದೆ, ಆಕ್ಟೇನ್ ಏರುತ್ತದೆ, ಎಂಜಿನ್ ಕಟಕಟ ಬಡಿಯುವುದು ತಗ್ಗುತ್ತದೆ. ಟೂ ಸ್ಟ್ರೋಕ್‌ಗೆ ಅದು ಒಡ್ಡುವ ತೊಡಕು ಮೂರು ಬಗೆಯದು. ಮೊದಲನೆಯದು ಲೆಕ್ಕದ್ದು. ಒಂದು ಕಿಲೊ ಪೆಟ್ರೋಲು ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕು, ಎಥನಾಲಿಗೆ 9 ಕಿಲೊ ಸಾಕು. ಇ20ಗೆ ಇದು ಸುಮಾರು 13.5 ಆಗುತ್ತದೆ. ಅಂದರೆ ಅದೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಶೇ. 9ರಷ್ಟು ಹೆಚ್ಚು ಇಂಧನ ಬೇಕು. ಹಳೆಯ ಜೆಟ್ಟು ತನ್ನ ರಂಧ್ರದಷ್ಟೇ ಬಿಡುತ್ತದೆ. ಮಿಶ್ರಣ ತೆಳುವಾಗುತ್ತದೆ, ಕಾವು ಏರುತ್ತದೆ. ಆರ್‌ಎಕ್ಸ್ ಇಟ್ಟುಕೊಂಡವರು ಒಂದು ನಂಬರ್ ದೊಡ್ಡ ಮೇನ್ ಜೆಟ್ ಹಾಕಿಸುವುದು ಇದೇ ಕಾರಣಕ್ಕೆ. 'ಇಂಜೆಕ್ಷನ್ ಗಾಡಿ ತಾನೇ ಸರಿಮಾಡಿಕೊಳ್ಳುತ್ತೆ ಬಿಡಿ' ಎಂಬ ಮಾತು ಸಾಮಾನ್ಯ. ಕಾರಿನ ಮಟ್ಟಿಗೆ ಅದು ನಿಜ, ಅದರ ಸೈಲೆನ್ಸರಿನಲ್ಲಿ ಆಮ್ಲಜನಕ ಅಳೆಯುವ ಸೆನ್ಸರ್ ಇರುತ್ತದೆ. ಟಿಪಿಐ ಡರ್ಟ್ ಬೈಕಿನಲ್ಲಿ ಅದಿಲ್ಲ. ಅದರ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಗಣಕ, ಗಾಳಿಯ ಒತ್ತಡ, ನೀರಿನ ಕಾವು, ಥ್ರಾಟಲ್ಲಿನ ಕೋನ ನೋಡಿ ಪೆಟ್ರೋಲು ಅಳೆಯುತ್ತದೆಯೇ ಹೊರತು ಉರಿದ ಮೇಲೆ ಏನಾಯಿತೆಂದು ಕೇಳುವುದಿಲ್ಲ. ನಾಗಮಂಗಲದ ಎತ್ತರಕ್ಕೆ ಗಾಳಿ ತೆಳುವಾದದ್ದು ಅದಕ್ಕೆ ಗೊತ್ತಾಗುತ್ತದೆ; ಟ್ಯಾಂಕಿನಲ್ಲಿ ಕಬ್ಬು ಎಷ್ಟಿದೆ ಎಂಬುದು ಗೊತ್ತಾಗುವುದಿಲ್ಲ. ಯುರೋಪಿನ ಮಾಮೂಲಿ ಪೆಟ್ರೋಲಿನಲ್ಲಿ ಎಥನಾಲ್ ಶೇ. 5 ಅಥವಾ 10. ಅಲ್ಲಿಗೆಂದು ಬರೆದ ಲೆಕ್ಕ ಇಲ್ಲಿ ಒಂದಿಷ್ಟು ಕಡಿಮೆ ಬೀಳುತ್ತದೆ.

ಎರಡನೆಯದು ನೀರು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿಯವರೆಗೆ ಕರಗಿಸಿಟ್ಟುಕೊಂಡು, ಮಿತಿ ದಾಟಿದೊಡನೆ ಪೆಟ್ರೋಲಿನ ಕೈಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಶೇ. 10ರ ಬೆರಕೆಯಲ್ಲಿ ಈ ಮಿತಿ ಸುಮಾರು ಅರ್ಧ ಶೇಕಡ: ಹತ್ತು ಲೀಟರಿಗೆ ಒಂದು ಸಣ್ಣ ಲೋಟ ನೀರು. ಇ20 ಇನ್ನೂ ಸ್ವಲ್ಪ ತಾಳಿಕೊಳ್ಳುತ್ತದೆ, ಆದರೆ ಬೇರ್ಪಟ್ಟಾಗ ಕೆಳಗಿಳಿಯುವ ರಾಶಿಯೂ ದೊಡ್ಡದು. ಅರ್ಧ ಟ್ಯಾಂಕಿನ ಗಾಡಿ ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತರೆ, ಬಾಟಲಿಯ ಪೆಟ್ರೋಲಿಗೆ ತೊಳೆದ ನೀರಿನ ಪಸೆ ಉಳಿದಿದ್ದರೆ, ಹೊಳೆ ದಾಟುವಾಗ ಮುಚ್ಚಳದ ರಬ್ಬರು ಸಡಿಲವಿದ್ದರೆ ಇಷ್ಟು ನೀರು ಸೇರುವುದು ಕಷ್ಟವಲ್ಲ. ಪೆಟ್ರೋಲು ಎಳೆಯುವ ಬಾಯಿ ಇರುವುದು ತಳದಲ್ಲೇ. ಟೂ ಸ್ಟ್ರೋಕ್‌ನ ಅಪಾಯ ಇಲ್ಲಿ ಇನ್ನೊಂದು ಮೆಟ್ಟಿಲು ಏರುತ್ತದೆ: ಬೆರೆಸಿದ 2ಟಿ ಆಯಿಲ್ ಮೇಲಿನ ಪೆಟ್ರೋಲಿನ ಪದರದಲ್ಲೇ ಉಳಿಯುತ್ತದೆ. ಎಂಜಿನ್ನಿಗೆ ಹೋಗುವುದು ಎಣ್ಣೆಯಿಲ್ಲದ ಎಥನಾಲ್ ನೀರು.

ಇದನ್ನು ಕಣ್ಣಾರೆ ನೋಡಲು ಪ್ರಯೋಗಶಾಲೆ ಬೇಡ. ಗೆರೆ ಇರುವ ನೀಳ ಗಾಜಿನ ಬಾಟಲಿಗೆ 20 ಮಿ.ಲೀ. ನೀರು, ಅದರ ಮೇಲೆ 80 ಮಿ.ಲೀ. ಪೆಟ್ರೋಲು ಹಾಕಿ ಕುಲುಕಿ ಹತ್ತು ನಿಮಿಷ ಇಡಬೇಕು. ಕೆಳಗಿನ ನೀರಿನ ಪದರ 20ರಿಂದ 36ರ ಸಮೀಪಕ್ಕೆ ಏರಿದರೆ ಅದು ಇ20. ಅದಕ್ಕಿಂತ ಮುಂಚೆ, ನೀರು ಹಾಕದೆ, ಟ್ಯಾಂಕಿನ ತಳದಿಂದ ತೆಗೆದ ಪೆಟ್ರೋಲನ್ನು ಬಿಸಿಲಿಗೆ ಹಿಡಿದು ನೋಡಬೇಕು. ಮಂಜು ಮುಸುಕಿದಂತಿದ್ದರೆ, ಇಲ್ಲವೇ ತಳದಲ್ಲಿ ಪಾದರಸದ ಹಾಗೆ ಹೊರಳುವ ಗುಂಡುಗಳು ಕಂಡರೆ ಮುಂದಿನ ಪರೀಕ್ಷೆಯೆಲ್ಲ ವ್ಯರ್ಥ. ಟ್ಯಾಂಕು ಬರಿದು ಮಾಡಿ ಒಣಗಿಸುವುದೇ ದಾರಿ.

ಮೂರನೆಯದು ಸವೆತ. ಹಳೆಯ ಗಾಡಿಗಳ ಕಾಕ್‌ನ ವಾಷರು, ಪೈಪು, ಫ್ಲೋಟಿನ ಸೂಜಿಯ ರಬ್ಬರು ತುದಿ ಎಥನಾಲಿಗೆ ಉಬ್ಬುತ್ತವೆ ಅಥವಾ ಸೆಟೆದು ಸೀಳುತ್ತವೆ. ನಿಂತ ಗಾಡಿಯ ಕಾರ್ಬೊರೇಟರಿನೊಳಗೆ ಸುಣ್ಣದಂಥ ಬಿಳಿ ಪುಡಿ ಕಟ್ಟುತ್ತದೆ.

ಕಾರ್ಬೊರೇಟರಿನ ಗಾಡಿಗಳು

ಇವುಗಳ ಕತೆ ಚಿಕ್ಕದು. ಜಾವಾದ ಯಿಕೋವ್ ಕಾರ್ಬೊರೇಟರಿನ ಪಕ್ಕ ಒಂದು ಸಣ್ಣ ಗುಂಡಿ. ಅದನ್ನೊತ್ತಿದರೆ ಫ್ಲೋಟ್ ಮುಳುಗಿ ಪೆಟ್ರೋಲು ಹೊರಗೆ ತುಳುಕುತ್ತದೆ, ಆಮೇಲೆ ಕಿಕ್ಕು. ಎಷ್ಟು ಒತ್ತಿದರೂ ಬೆರಳು ನೆನೆಯದಿದ್ದರೆ ತಪ್ಪು ಮೇಲೆ, ಟ್ಯಾಂಕು ಅಥವಾ ಕಾಕ್‌ನಲ್ಲಿ. ಕೀ ಇಲ್ಲದೆ, ಮೀಟರ್ ಇಲ್ಲದೆ ಇಂಧನದ ಒತ್ತಡ ನೋಡುವ ಇಂಥ ಉಪಾಯ ಮುಂದಿನ ಬೈಕುಗಳಲ್ಲಿ ಅಪರೂಪವಾಯಿತು. ಎಕ್ಸ್‌ಎಲ್‌ಗೆ ಎಣ್ಣೆ ಸುರಿದು ಗಾಡಿಯನ್ನು ಎಡಕ್ಕೂ ಬಲಕ್ಕೂ ಕುಲುಕಿಸಿದವರ ಗಾಡಿ ಚೆನ್ನಾಗಿ ಓಡಿತು, ಸುರಿದು ಹಾಗೇ ಹೊರಟವರ ಗಾಡಿ ಮೊದಲು ಹೊಗೆ ಕಾರಿ ಆಮೇಲೆ ಕಿರುಗುಟ್ಟಿತು. ಆರ್‌ಎಕ್ಸ್‌ನಲ್ಲಿ ಪಂಪೇ ಎಣ್ಣೆ ಬೆರೆಸುತ್ತಿತ್ತು. ಮಿಕುನಿ ಕಾರ್ಬೊರೇಟರು ಸರಳ, ಸ್ಲೋ ಜೆಟ್ ಕಟ್ಟಿಕೊಂಡರೆ ಐಡಲ್ ನಿಲ್ಲದು, ಮೇನ್ ಜೆಟ್ ಕಟ್ಟಿಕೊಂಡರೆ ವೇಗ ಏರದು. ಕಟ್ಟಿದ ಜೆಟ್ಟಿಗೆ ವೈರಿನ ತಾಮ್ರದ ಎಳೆ ತೂರಿಸುವುದು ಊರ ಗ್ಯಾರೇಜಿನ ಅಭ್ಯಾಸ. ರಂಧ್ರ ಹಿಗ್ಗಿದರೆ ಆ ಜೆಟ್ಟಿನ ನಂಬರಿಗೆ ಅರ್ಥ ಉಳಿಯುವುದಿಲ್ಲ. ಬಾಯಿಂದ ಊದುವುದು ಅಥವಾ ಪಂಕ್ಚರ್ ಅಂಗಡಿಯ ಗಾಳಿ ಹಿಡಿಯುವುದು ವಾಸಿ.

ಇಂಜೆಕ್ಷನ್ ಟೂ ಸ್ಟ್ರೋಕ್‌ನ ಒಳಗೆ

ಕಾರ್ಬೊರೇಟರಿಗೆ ಪೆಟ್ರೋಲು ತನ್ನ ಭಾರದಿಂದ ಇಳಿಯುತ್ತದೆ. ಒಂದು ಅಡಿ ಎತ್ತರದ ಟ್ಯಾಂಕು ಕೊಡುವ ಒತ್ತಡ ಬಾರ್ ಅಳತೆಯಲ್ಲಿ 0.02ರಷ್ಟು. ಇಂಜೆಕ್ಷನ್ ಬೈಕಿನ ಟ್ಯಾಂಕಿನಲ್ಲಿ ಮುಳುಗಿ ಕುಳಿತ ವಿದ್ಯುತ್ ಪಂಪ್ ಅದನ್ನು 3.5 ಬಾರ್‌ಗೆ ಏರಿಸುತ್ತದೆ. ನೂರೈವತ್ತು ಪಟ್ಟಿಗೂ ಹೆಚ್ಚು. ಅಲ್ಲಿಂದ ಜಾಲರಿ, ಫಿಲ್ಟರು, ಪೈಪು ದಾಟಿ ಇಂಜೆಕ್ಟರಿಗೆ. ಟಿಪಿಐ ಎಂದರೆ ಸಿಲಿಂಡರಿನ ಹಿಂಬದಿಯ ಎರಡು ಟ್ರಾನ್ಸ್‌ಫರ್ ಪೋರ್ಟುಗಳಿಗೆ ಒಂದೊಂದು ಇಂಜೆಕ್ಟರು, ಪೆಟ್ರೋಲು ಕ್ರ್ಯಾಂಕ್‌ಕೇಸಿನ ಸುತ್ತು ಹಾಕದೆ ನೇರ ಅಲ್ಲಿಗೆ ಚಿಮ್ಮುತ್ತದೆ. ಹಾಗಾದರೆ ಕ್ರ್ಯಾಂಕಿಗೆ ಎಣ್ಣೆ? ಅದಕ್ಕೆ 0.7 ಲೀಟರಿನ ಬೇರೆ ಆಯಿಲ್ ಟ್ಯಾಂಕು, ವಿದ್ಯುತ್ ಪಂಪು. ಎಣ್ಣೆ ಥ್ರಾಟಲ್ ಬಾಡಿಯಲ್ಲಿ ಗಾಳಿಗೆ ಸೇರುತ್ತದೆ. ಮುಂದೆ ಕೆಟಿಎಂ ಇಂಜೆಕ್ಟರುಗಳನ್ನು ಥ್ರಾಟಲ್ ಬಾಡಿಗೇ ತಂದ ಟಿಬಿಐ ಪದ್ಧತಿಗೆ ಹೊರಳಿತು. ಮೊದಲು ಮೋಟೊಕ್ರಾಸ್ ಬೈಕಿಗೆ, 2024ರ ಮಾದರಿಯಿಂದ ಎಂಡ್ಯೂರೊ ಬೈಕಿಗೆ. ಅಲ್ಲಿ ಎಣ್ಣೆಯನ್ನು ಮತ್ತೆ ಪೆಟ್ರೋಲಿಗೇ ಬೆರೆಸಬೇಕು. ಎಕ್ಸ್‌ಎಲ್ ಕುಲುಕಿಸಿದ ಅನುಭವ ಅಲ್ಲಿಗೆ ಮರಳಿ ಕೆಲಸಕ್ಕೆ ಬರುತ್ತದೆ.

ಟಿಪಿಐ ಗಾಡಿಗೆ ಗೊತ್ತಿಲ್ಲದೆ ಪೆಟ್ರೋಲಿನಲ್ಲೂ ಎಣ್ಣೆ ಬೆರೆಸುವವರುಂಟು, ಟಿಬಿಐ ಗಾಡಿಗೆ ಬೆರೆಸದೆ ಬಿಡುವವರೂ ಉಂಟು. ಮೊದಲನೆಯದರಿಂದ ಹೊಗೆ ಹೆಚ್ಚಿ ಪ್ಲಗ್ಗು ಕಪ್ಪಾಗಬಹುದು, ಎರಡನೆಯದು ಎಂಜಿನ್ನನ್ನೇ ತಿನ್ನುತ್ತದೆ. ಸೆಕೆಂಡ್‌ಹ್ಯಾಂಡ್ ಬೈಕು ಕೈಗೆ ಬಂದಾಗ ಕೇಳಬೇಕಾದ ಮೊದಲ ಮಾತು ಇದು.

ಎಂಜಿನ್ ನಿಮಿಷಕ್ಕೆ 8000 ಸುತ್ತು ಹೊಡೆಯುವಾಗ ಒಂದು ಸುತ್ತಿಗೆ ಸಿಗುವ ಕಾಲ 7.5 ಮಿಲಿಸೆಕೆಂಡು. ಪ್ರತಿ ಸುತ್ತಿನಲ್ಲೂ ಇಂಜೆಕ್ಟರು ತೆರೆದು ಮುಚ್ಚಬೇಕು, ಫೋರ್ ಸ್ಟ್ರೋಕ್‌ನಂತೆ ಒಂದು ಸುತ್ತು ಬಿಟ್ಟು ಒಂದು ಸುತ್ತಲ್ಲ. ಅಷ್ಟು ಸಣ್ಣ ಬಾಯಿಗೆ ನಾಗಮಂಗಲದ ಕೆಂಪು ದೂಳಿನ ಒಂದು ಕಣ ಸಾಕು.

ಹುಡುಕುವ ಕ್ರಮ

ಪಳಗಿದ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮೊದಲು ಕಿವಿ ಕೊಡುತ್ತಾನೆ. ಸ್ಟಾರ್ಟ್ ಕೊಟ್ಟ ಕೂಡಲೇ ಟ್ಯಾಂಕಿನೊಳಗೆ ಪಂಪು ಒಂದೆರಡು ಸೆಕೆಂಡು ಗುಂಯ್ ಎಂದು ನಿಲ್ಲಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸು, ರಿಲೇ, ವೈರು. ಸದ್ದು ತಗ್ಗಿದ್ದು ಎಳೆದೆಳೆದು ಬಂದರೆ ಬ್ಯಾಟರಿ. ಸ್ಟಾರ್ಟರ್ ತಿರುಗುವಾಗ ವೋಲ್ಟೇಜು 10ರ ಕೆಳಗೆ ಕುಸಿದರೆ ಎಂಜಿನ್ ತಿರುಗಿದರೂ ಇಸಿಯು ಎಚ್ಚರವಾಗಿರುವುದಿಲ್ಲ. ಕೀರಲು ಸದ್ದು ಬಂದರೆ ಪಂಪು ಪೆಟ್ರೋಲಿನ ಬದಲು ಗಾಳಿ ಎಳೆಯುತ್ತಿದೆ ಅಥವಾ ಫಿಲ್ಟರ್ ಕಟ್ಟಿದೆ. ಆಮೇಲೆ ಪ್ಲಗ್ಗು ಬಿಚ್ಚಿ, ಅಂಗೈಗೆ ಒರೆಸಿ, ಮೂಗಿನ ಹತ್ತಿರ ತರುತ್ತಾನೆ. ಹತ್ತು ಬಾರಿ ಕ್ರ್ಯಾಂಕ್ ಮಾಡಿದ ಮೇಲೂ ಪ್ಲಗ್ಗು ಒಣಗಿದ್ದರೆ ಪೆಟ್ರೋಲು ಬಂದೇ ಇಲ್ಲ. ಒದ್ದೆಯಾಗಿದ್ದು ವಾಸನೆ ಹೊಡೆದರೆ ಬೆಂಕಿಯ ಕಡೆ, ಅಂದರೆ ಸ್ಪಾರ್ಕಿನ ಕಡೆ ನೋಡಬೇಕು. ಒದ್ದೆಯಾಗಿದ್ದೂ ವಾಸನೆ ಮಂಕಾಗಿದ್ದರೆ ಅದು ನೀರಿನ ಅಂಶ; ಮತ್ತೆ ಟ್ಯಾಂಕಿಗೇ ಹೋಗಬೇಕು. ಪ್ಲಗ್ಗಿನ ಬಣ್ಣ ನೋಡಿ ಮಿಶ್ರಣ ಹೇಳುವ ಹಳೆಯ ವಿದ್ಯೆ ಇಂದಿನ ಪೆಟ್ರೋಲಿನಲ್ಲಿ ಅಷ್ಟು ನಂಬಿಕೆಯದಲ್ಲ, ಎಥನಾಲ್ ಬಣ್ಣವನ್ನು ಸರಿಯಾಗಿ ಹಿಡಿಸುವುದಿಲ್ಲ. ಬಿಳುಪು ಕಂಡರೆ ಎಚ್ಚರ ಎಂಬಷ್ಟು ಮಾತ್ರ ಉಳಿದಿದೆ.

ಗಾಡಿ ಯಾವ ಹೊತ್ತಿನಲ್ಲಿ ಕೆಡುತ್ತದೆ ಎಂಬುದೇ ದೊಡ್ಡ ಸುಳಿವು. ಹೊರಟು ಹತ್ತು ನಿಮಿಷಕ್ಕೆ ಸರಿಯಾಗಿ ಉಸಿರುಗಟ್ಟಿ ನಿಲ್ಲುತ್ತದೆ, ಐದು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತದೆ: ಇಂಥ ಗಾಡಿಯ ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ 'ಸುಸ್ಸ್' ಎಂದು ಗಾಳಿ ಒಳಗೆ ನುಗ್ಗಿದರೆ ಉತ್ತರ ಅಲ್ಲೇ ಇದೆ. ಮುಚ್ಚಳದ ಉಸಿರುಕೊಳವೆಗೆ ಕೆಸರು ಮೆತ್ತಿದೆ. ಪೆಟ್ರೋಲು ಹೊರಬಂದಷ್ಟು ಗಾಳಿ ಒಳಹೋಗದೆ ಟ್ಯಾಂಕಿನಲ್ಲಿ ನಿರ್ವಾತ ಕಟ್ಟಿದೆ. ಗದ್ದೆಯ ಬದುವಿನಲ್ಲಿ ಒಮ್ಮೆ ಉರುಳಿದ ಬೈಕಿಗೆ ಇದು ಸಾಮಾನ್ಯ. ಎಷ್ಟೋ ಪಂಪು, ಎಷ್ಟೋ ಇಂಜೆಕ್ಟರು ಈ ಒಂದು ಕೊಳವೆಯ ತಪ್ಪಿಗೆ ಬದಲಾಗಿ ಹೋಗಿವೆ.

ಐಡಲಿನಲ್ಲೂ ನಿಧಾನದಲ್ಲೂ ಚೆನ್ನಾಗಿದ್ದು ಥ್ರಾಟಲ್ ಪೂರ್ತಿ ಎಳೆದಾಗ ಮುಗ್ಗರಿಸಿದರೆ ಹರಿವು ಸಾಲದು: ಫಿಲ್ಟರ್, ಜಾಲರಿ ಅಥವಾ ದಣಿದ ಪಂಪು. ಇಂಜೆಕ್ಟರಿನ ಪೈಪಿಗೆ ಗೇಜು ಕಟ್ಟಿ 3.5 ಬಾರ್ ನಿಲ್ಲುತ್ತದೆಯೇ ಎಂದು ನೋಡುವುದು ಸರಿ, ಆದರೆ ಐಡಲಿನಲ್ಲಿ ನಿಂತ ಒತ್ತಡ ಪೂರ್ತಿ ಓಟದಲ್ಲಿ ಕುಸಿಯಬಹುದು. ಆದ್ದರಿಂದ ಒತ್ತಡದ ಜೊತೆ ಹರಿವನ್ನೂ ಅಳತೆಯ ಪಾತ್ರೆಗೆ ಹಿಡಿದು ನೋಡಬೇಕು. ಪೈಪು ಕಳಚುವ ಮುಂಚೆ ಒತ್ತಡ ಇಳಿಸಿಕೊಳ್ಳಬೇಕು. ಚಿಮ್ಮಿದ ಪೆಟ್ರೋಲು ಬಿಸಿ ಸೈಲೆನ್ಸರಿಗೆ ಬಿದ್ದರೆ ಆಮೇಲೆ ಹುಡುಕಲು ಗಾಡಿಯೇ ಇರುವುದಿಲ್ಲ. ಪಕ್ಕದಲ್ಲಿ ಬೀಡಿ ಹಚ್ಚಿ ನಿಂತು ಸಲಹೆ ಕೊಡುವವರನ್ನು ಮೊದಲು ದೂರ ಕಳಿಸಬೇಕು.

ಒಂದೇ ವೇಗದಲ್ಲಿ, ಅರ್ಧ ಥ್ರಾಟಲಿಗೂ ಕಡಿಮೆಯಲ್ಲಿ ತಡವರಿಕೆ ಬಂದರೆ ಇಂಜೆಕ್ಟರುಗಳನ್ನು ಅನುಮಾನಿಸಬಹುದು. ಎರಡರಲ್ಲಿ ಒಂದು ಕಟ್ಟಿಕೊಂಡರೆ ಇನ್ನೊಂದು ಗಾಡಿಯನ್ನು ಹೇಗೋ ನಡೆಸುತ್ತದೆ. ಸವಾರನಿಗೆ ಬರೀ 'ಪಿಕಪ್ ಇಲ್ಲ' ಎನ್ನಿಸುತ್ತದೆ. ಸಿಲಿಂಡರಿನ ಒಂದು ಬದಿ ಮಾತ್ರ ಒಣಗಿ ಕಾಯುತ್ತಿರುವುದು ಅವನಿಗೆ ಕಾಣುವುದಿಲ್ಲ. ಮಲ್ಟಿಮೀಟರಿನಲ್ಲಿ ಇಂಜೆಕ್ಟರಿನ ಸುರುಳಿ ಸಾಮಾನ್ಯವಾಗಿ 10ರಿಂದ 15 ಓಮ್ ತೋರಿಸುತ್ತದೆ, ಎರಡೂ ಹತ್ತಿರಹತ್ತಿರ ಇರಬೇಕು. ಸುರುಳಿ ಸರಿಯಿದ್ದೂ ಬಾಯಿ ಕಟ್ಟಿರಬಹುದು. ಅದನ್ನು ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆದು, ಸಿಂಪರಣೆ ನೋಡುವ ಬೆಂಚಿರುವ ಅಂಗಡಿಗೇ ಒಯ್ಯಬೇಕು. ಇಲ್ಲಿ ತಾಮ್ರದ ಎಳೆ ತೂರಿಸಿದರೆ ಹೊಸ ಇಂಜೆಕ್ಟರಿಗೆ ದುಡ್ಡು ಹೊಂದಿಸಿಕೊಂಡಂತೆ.

ಸೆನ್ಸರುಗಳ ತಪ್ಪನ್ನು ಇಸಿಯು ತಾನೇ ಒಂದಿಷ್ಟು ಹೇಳುತ್ತದೆ. ಎಚ್ಚರಿಕೆಯ ದೀಪ ಮಿಣುಕಿ ಸಂಖ್ಯೆ ಸೂಚಿಸುತ್ತದೆ. ಆದರೆ ಅದು ಹೇಳುವುದು ತಂತಿ ಕಡಿದದ್ದನ್ನು, ಶಾರ್ಟ್ ಆದದ್ದನ್ನು. ಸುಳ್ಳು ಹೇಳುವ ಸೆನ್ಸರನ್ನು ಅದು ನಂಬಿಬಿಡುತ್ತದೆ. ಕ್ರ್ಯಾಂಕ್‌ಕೇಸಿನ ಒತ್ತಡ ಅಳೆಯುವ ಸಣ್ಣ ಕೊಳವೆಯಲ್ಲಿ ಎಣ್ಣೆ ಕಟ್ಟಿದ್ದರೆ ಗಾಳಿ ಕಡಿಮೆ ಎಂದು ತಿಳಿದು ಪೆಟ್ರೋಲೂ ಕಡಿಮೆ ಬಿಡುತ್ತದೆ. ನೀರಿನ ಕಾವಿನ ಸೆನ್ಸರ್ ಯಾವಾಗಲೂ ತಣ್ಣಗಿದೆ ಎಂದರೆ ಗಾಡಿ ಸದಾ ಹೊಗೆ ಕಾರುತ್ತದೆ. ಕನೆಕ್ಟರಿನಲ್ಲಿ ಕೆಸರು ನೀರು ಒಣಗಿ ಹಸಿರು ಕಿಲುಬು ಹಿಡಿದಿರುವುದೂ, ವೈರಿನ ಕಟ್ಟು ಫ್ರೇಮಿಗೆ ಉಜ್ಜಿ ಸಿಪ್ಪೆ ಎದ್ದಿರುವುದೂ ಸೆನ್ಸರ್ ಕೆಡುವುದಕ್ಕಿಂತ ಹೆಚ್ಚು ಸಾಮಾನ್ಯ. ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುವಾಗ ಎಂಜಿನ್ ಸದ್ದು ಬದಲಾದರೆ ಅದೇ.

ಪೆಟ್ರೋಲಿನ ತಪ್ಪಿನಂತೆಯೇ ನಟಿಸುವ ಇನ್ನೊಂದು ದೋಷ ಗಾಳಿ ಸೋರಿಕೆ. ಕ್ರ್ಯಾಂಕಿನ ಸೀಲು, ರೀಡ್ ವಾಲ್ವಿನ ಗ್ಯಾಸ್ಕೆಟ್, ಥ್ರಾಟಲ್ ಬಾಡಿಯ ರಬ್ಬರು ಇವುಗಳಲ್ಲಿ ಎಲ್ಲಿ ಸೀಳಿದರೂ ಲೆಕ್ಕಕ್ಕೆ ಸಿಗದ ಗಾಳಿ ಒಳಸೇರಿ ಮಿಶ್ರಣ ತೆಳುವಾಗುತ್ತದೆ. ಥ್ರಾಟಲ್ ಬಿಟ್ಟ ಮೇಲೂ ಎಂಜಿನ್ ಸುತ್ತು ಇಳಿಯದೆ ತೂಗುತ್ತಿದ್ದರೆ ಕೂಡಲೇ ಆಫ್ ಮಾಡಬೇಕು. ಜಾವಾದ ಕಾಲದಿಂದ ಬಂದ ಪರೀಕ್ಷೆ ಇಂದಿಗೂ ಅದೇ: ಒಳಬರುವ, ಹೊರಹೋಗುವ ಬಾಯಿ ಎರಡನ್ನೂ ಬಿರಡೆಯಿಂದ ಮುಚ್ಚಿ, ಸುಮಾರು 0.4 ಬಾರ್ ಗಾಳಿ ತುಂಬಿ, ಆರು ನಿಮಿಷ ಗೇಜು ನೋಡುವುದು, ಜೋಡಣೆಗಳ ಮೇಲೆ ಸೋಪಿನ ನೀರು ಸವರಿ ಗುಳ್ಳೆ ಹುಡುಕುವುದು.

ಎಣ್ಣೆಯ ದಾರಿ ಟಿಪಿಐ ಗಾಡಿಯಲ್ಲಿ ಪ್ರತ್ಯೇಕವಾದ್ದರಿಂದ ಅದರ ದೋಷ ಸದ್ದಿಲ್ಲದ್ದು. ಎಣ್ಣೆ ತಳ ಕಂಡಾಗ ದೀಪ ಹೊತ್ತುತ್ತದೆ ನಿಜ. ಆದರೆ ಟ್ಯಾಂಕು ಒಮ್ಮೆ ಪೂರ್ತಿ ಬರಿದಾದರೆ ಅಥವಾ ಪೈಪು ಕಳಚಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆಗ ಟ್ಯಾಂಕು ತುಂಬಿದ್ದರೂ ಎಂಜಿನ್ನಿಗೆ ಎಣ್ಣೆ ತಲುಪುವುದಿಲ್ಲ. ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಹೋಗುವವರೆಗೆ ಪಂಪ್ ಓಡಿಸಿ, ಅಲ್ಲಿಯವರೆಗೆ ಪೆಟ್ರೋಲಿಗೂ ತುಸು 2ಟಿ ಬೆರೆಸಿಕೊಳ್ಳುವುದು ಜಾಣತನ.

ನೀರಿಗೆ ಬಿದ್ದ ಬೈಕು

ಕಾವೇರಿ, ಹೇಮಾವತಿ, ಲೋಕಪಾವನಿ ಮತ್ತು ಎಣಿಸಲಾರದಷ್ಟು ನಾಲೆಗಳ ಸೀಮೆಯಲ್ಲಿ ಇದೂ ಇಂಧನ ದೋಷದ ಪ್ರಕರಣವೇ. ಮುಳುಗಿದ ಎಂಜಿನ್ನನ್ನು ಸ್ಟಾರ್ಟ್ ಮಾಡಲು ಹೋಗಬಾರದು, ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ಗು ತೆಗೆದು, ಗಾಡಿಯನ್ನು ಹಿಂದಕ್ಕೆ ಎತ್ತಿ ನಿಲ್ಲಿಸಿ ಸೈಲೆನ್ಸರಿನ ನೀರು ಇಳಿಸಿ, ಏರ್ ಫಿಲ್ಟರ್ ಹಿಂಡಿ, ನಿಧಾನವಾಗಿ ಕ್ರ್ಯಾಂಕ್ ತಿರುಗಿಸಿ ನೀರು ಉಗುಳಿಸಬೇಕು. ಕ್ರ್ಯಾಂಕ್‌ಕೇಸಿನಲ್ಲಿದ್ದ ಎಣ್ಣೆಯ ಪದರವನ್ನು ನೀರು ತೊಳೆದು ಹಾಕಿರುತ್ತದೆ, ಆದ್ದರಿಂದ ಪ್ಲಗ್ ರಂಧ್ರದಲ್ಲಿ ಒಂದು ಚಮಚ 2ಟಿ ಆಯಿಲ್ ಬಿಟ್ಟು ಹತ್ತು ಸಲ ತಿರುಗಿಸಿದ ಮೇಲೆಯೇ ಪ್ಲಗ್ಗು ಹಾಕುವುದು.

ಓಡಿಸುವ ಜಾಗದ ವಿಷಯದಲ್ಲೂ ಒಂದು ಮಾತು ಹೇಳಬೇಕು. ಮೇಲುಕೋಟೆಯ ಸುತ್ತಿನ ಕುರುಚಲು ಕಾಡು ತೋಳಗಳಿಗೆ ಮೀಸಲಾದ ವನ್ಯಧಾಮ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯದು ನವಿಲುಧಾಮ. ಶ್ರೀರಂಗಪಟ್ಟಣದ ಮಗ್ಗುಲಲ್ಲೇ ರಂಗನತಿಟ್ಟಿನ ಹಕ್ಕಿಗಳಿವೆ. ದುರಸ್ತಿ ಆದ ಟೂ ಸ್ಟ್ರೋಕ್‌ನ ಸದ್ದು ಪರೀಕ್ಷಿಸಲು ಈ ಬೆಟ್ಟಗುಡ್ಡ ಏರುವ ಹಾಗಿಲ್ಲ. ಒಡೆಯರ ಒಪ್ಪಿಗೆ ಇರುವ ಬೀಳು ಹೊಲವೋ, ಕೋಲಾರದ ಕಡೆಯ ಡರ್ಟ್ ಪಾರ್ಕೋ ಸರಿ.

ದುರಸ್ತಿಯ ಬಳಿಕ

ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಮೊದಲ ಓಟ ಅರ್ಧ ಥ್ರಾಟಲ್ ಮೀರದೆ ಹದಿನೈದು ನಿಮಿಷ ಇರಬೇಕು. ಆಮೇಲೆ ಒಮ್ಮೆ ಪೂರ್ತಿ ಎಳೆದು, ಆ ವೇಗದಲ್ಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಪ್ಲಗ್ಗು ನೋಡುವುದು ಹಳೆಯ ಪದ್ಧತಿ. ಹೀಗೆ ಮಾಡಿದರೆ ಐಡಲಿನ ಮಸಿ ಪ್ಲಗ್ಗಿನ ಮೇಲೆ ಕೂತು ದಾರಿ ತಪ್ಪಿಸುವುದಿಲ್ಲ. ಹತ್ತು ದಿನಕ್ಕಿಂತ ಹೆಚ್ಚು ನಿಲ್ಲುವ ಗಾಡಿಯ ಟ್ಯಾಂಕನ್ನು ಕತ್ತಿನವರೆಗೆ ತುಂಬಿಡಬೇಕು, ಗಾಳಿಗೆ ಜಾಗ ಇಲ್ಲದಿದ್ದರೆ ಪಸೆಗೂ ಇಲ್ಲ. ಮುಂಗಾರು ಮುಗಿಯುವವರೆಗೆ ನಿಲ್ಲುವುದಾದರೆ ಪೂರ್ತಿ ಬರಿದು ಮಾಡಬೇಕು, ಕಾರ್ಬೊರೇಟರಿನ ಬೌಲ್ ಸಹಿತ. ಬಸಿದ ಪೆಟ್ರೋಲನ್ನು ಮನೆಯ ಫೋರ್ ಸ್ಟ್ರೋಕ್ ಸ್ಕೂಟರಿಗೆ ಸುರಿಯುವ ಮುನ್ನ ಅದರಲ್ಲಿ 2ಟಿ ಇದೆಯೋ ಇಲ್ಲವೋ ನೋಡಿಕೊಳ್ಳಬೇಕು. ಎಣ್ಣೆ ಬೆರೆಸಿದ ಪೆಟ್ರೋಲಿಗೆ ನೀಲಿ ಅಥವಾ ಹಸಿರು ಛಾಯೆ ಬಂದಿರುತ್ತದೆ, ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟರೆ ಆರಿದ ಮೇಲೆ ಜಿಡ್ಡಿನ ಉಂಗುರ ಉಳಿಯುತ್ತದೆ.